ನೀರೊಳಗಿನ ಬಾಳಿಗೊಂದು ನೆನಪಿನ ಕಲ್ಲು

ತುಮಕೂರು ಸೀಮೆಗೆ ಕಡಲಿಲ್ಲ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ಹಾದು, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಜಲಾಶಯವಾಗಿ ನಿಂತು, ಮುಂದೆ ಕಾವೇರಿಯನ್ನು ಕೂಡಿಕೊಂಡು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅದೇ ಬೆಟ್ಟಗಳ ಜಯಮಂಗಲಿ ಉತ್ತರ ಪಿನಾಕಿನಿಯ ಮೂಲಕ ಅದೇ ಕೊಲ್ಲಿಯನ್ನು ಸೇರುತ್ತದೆ. ಈ ನೆಲದ ನೀರು ಕಡಲಿಗೆ ಹೋಗುವುದುಂಟು. ಕಡಲಿನ ಮಾತು ಈ ನೆಲಕ್ಕೆ ಮರಳಿ ಬರುವುದು ಅಪರೂಪ. ಇಂತಹ ಸೀಮೆಯಲ್ಲಿ ಹುಟ್ಟಿ, ನೌಕಾಪಡೆಗೆ ಸೇರಿ, ಪ್ರಾಯದ ವರ್ಷಗಳನ್ನು ಜಲಾಂತರ್ಗಾಮಿಯೊಳಗೆ ಕಳೆದು, ನಿವೃತ್ತರಾಗಿ ಊರಿಗೆ ಮರಳಿದವರೊಬ್ಬರು ತೀರಿಕೊಂಡಾಗ ಅವರ ಗೆಳೆಯರಿಗೆ ಎದುರಾಗುವ ಪ್ರಶ್ನೆ ಸುಲಭದ್ದಲ್ಲ. ಅವರನ್ನು ಏನೆಂದು ನೆನೆಯಬೇಕು? ಅವರು ಬದುಕಿದ್ದನ್ನು ಯಾರೂ ಕಂಡಿಲ್ಲ. ಅವರು ಮಾಡಿದ್ದನ್ನು ಅವರೇ ಹೇಳುವಂತಿರಲಿಲ್ಲ.

ಸಾಮಾನ್ಯವಾಗಿ ನಡೆಯುವುದು ಇಷ್ಟೆ. ಬೀದಿಯ ತಿರುವಿನಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಏಳುತ್ತದೆ. ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲಿನ ನಿಧನ ವಾರ್ತೆ ಬರುತ್ತದೆ. ಮಾಜಿ ಸೈನಿಕರ ಸಂಘದವರು ಬಂದು ಹೂಮಾಲೆ ಹಾಕುತ್ತಾರೆ. ಹನ್ನೊಂದನೆಯ ದಿನಕ್ಕೋ ಹದಿಮೂರನೆಯ ದಿನಕ್ಕೋ ಸೇರಿದ ಬಂಧುಗಳಲ್ಲಿ ಹಿರಿಯರೊಬ್ಬರು ಎದ್ದು, ದೇಶಸೇವೆ ಮಾಡಿದ ಮಹನೀಯರು ಎನ್ನುತ್ತಾರೆ. ಊರಿನ ಬಾಯಲ್ಲಿ ಭೂಸೇನೆ, ವಾಯುಪಡೆ, ನೌಕಾಪಡೆ ಎಂಬ ಭೇದವಿಲ್ಲ; ಸಮವಸ್ತ್ರ ತೊಟ್ಟು ಹೋದವರೆಲ್ಲ ‘ಮಿಲಿಟರಿಯವರು’. ಈ ಮಾತಿನಲ್ಲಿ ಗೌರವವಿದೆ, ಮನುಷ್ಯ ಮಾತ್ರ ಕಾಣೆಯಾಗಿದ್ದಾನೆ. ಸತ್ತವರ ಬದಲು ಬೇರೆ ಯಾವ ನಿವೃತ್ತ ಯೋಧರ ಹೆಸರು ಹಾಕಿದರೂ ಆ ಭಾಷಣ ಹೊಂದಿಕೊಳ್ಳುತ್ತದೆ. ಯಾರಿಗೂ ಹೊಂದುವ ಸ್ತುತಿ ಯಾರ ಸ್ಮರಣೆಯೂ ಅಲ್ಲ.

ಕನ್ನಡಕ್ಕೆ ಸ್ಮರಣೆಯ ಕಲೆ ತಿಳಿಯದ್ದೇನಲ್ಲ. ವೀರಗಲ್ಲು, ಮಾಸ್ತಿಗಲ್ಲು, ನಿಸಿದಿಗಲ್ಲುಗಳನ್ನು ಊರೂರಿನಲ್ಲಿ ನಿಲ್ಲಿಸಿದ ನಾಡಿದು. ತುರುಗಾಳಗದಲ್ಲಿ ಮಡಿದವನಿಗೂ ಸಲ್ಲೇಖನದಿಂದ ದೇಹ ಬಿಟ್ಟವರಿಗೂ ಕಲ್ಲಿನಲ್ಲಿ ಜಾಗವಿತ್ತು. ಜಲಾಂತರ್ಗಾಮಿಯ ನಾವಿಕರನ್ನು ನೆನೆಯುವ ದಾರಿ ಈ ಪರಂಪರೆಯಲ್ಲಿಯೇ ಇದೆ ಎಂಬುದು ಇಲ್ಲಿನ ವಾದ. ಆದರೆ ಅದಕ್ಕೆ ಮೊದಲು ಆ ಬದುಕು ಎಂತಹುದು ಎಂದು ಅರಿಯಬೇಕು.

ಭಾರತೀಯ ನೌಕಾಪಡೆಯ ಮೊದಲ ಜಲಾಂತರ್ಗಾಮಿ ಐಎನ್‌ಎಸ್ ಕಲ್ವರಿ. ಅದು 1967ರ ಡಿಸೆಂಬರ್ 8ರಂದು ಅಂದಿನ ಸೋವಿಯತ್ ಒಕ್ಕೂಟದ ರಿಗಾ ಬಂದರಿನಲ್ಲಿ ಸೇವೆಗೆ ಸೇರಿತು. ಆ ದಿನವನ್ನೇ ನೌಕಾಪಡೆ ಜಲಾಂತರ್ಗಾಮಿ ದಿನವೆಂದು ಆಚರಿಸುತ್ತದೆ. ಮುಂದಿನ ಎರಡು ವರ್ಷಗಳಲ್ಲಿ ಖಂಡೇರಿ, ಕರಂಜ್, ಕುರ್ಸುರಾ ಎಂಬ ಮೂರು ನೌಕೆಗಳು ಬಂದವು. ಇವನ್ನು ನಡೆಸಲು ಹೋದ ಯುವಕರು ಪರದೇಶದ ಚಳಿಯಲ್ಲಿ ರಷ್ಯನ್ ಭಾಷೆ ಕಲಿತು, ಆ ಭಾಷೆಯಲ್ಲಿಯೇ ಯಂತ್ರಗಳನ್ನು ಕಲಿತು ಬಂದರು. ವಿಶಾಖಪಟ್ಟಣದಲ್ಲಿ ತರಬೇತಿಯ ನೆಲೆ ಬೆಳೆಯಿತು. ಅದಕ್ಕೆ ಐಎನ್‌ಎಸ್ ಶಾತವಾಹನ ಎಂದು ಹೆಸರಾಯಿತು. ಕನ್ನಡ ನಾಡಿನ ಭಾಗಗಳನ್ನೂ ಆಳಿದ ಪ್ರಾಚೀನ ರಾಜವಂಶದ ಹೆಸರದು. ಕಾರವಾರದ ನೌಕಾನೆಲೆ ಕದಂಬ ಎಂಬ ಹೆಸರು ಹೊತ್ತು 2005ರಲ್ಲಿ ಆರಂಭವಾಯಿತು. ಇತಿಹಾಸದ ಹೆಸರುಗಳನ್ನು ನೌಕಾಪಡೆ ಮರೆಯದೆ ಇಟ್ಟುಕೊಂಡಿದೆ. ನೌಕಾಪಡೆಗೆ ಹೋದವರ ಹೆಸರುಗಳನ್ನು ಕನ್ನಡ ಎಷ್ಟರಮಟ್ಟಿಗೆ ಇಟ್ಟುಕೊಂಡಿದೆ ಎಂಬುದು ಕೇಳಿಕೊಳ್ಳಬೇಕಾದ ಪ್ರಶ್ನೆ.

ಕುರ್ಸುರಾ ಈಗ ವಿಶಾಖಪಟ್ಟಣದ ಕಡಲ ದಂಡೆಯಲ್ಲಿ ವಸ್ತುಸಂಗ್ರಹಾಲಯವಾಗಿದೆ. 2002ರಿಂದ ಸಾರ್ವಜನಿಕರು ಅದರೊಳಗೆ ನಡೆದು ನೋಡಬಹುದು. ಉದ್ದ ಸುಮಾರು 91 ಮೀಟರು, ಅಗಲ ಏಳೂವರೆ ಮೀಟರು. ಈ ಕೊಳವೆಯೊಳಗೆ ಎಂಜಿನ್ನುಗಳು, ಬ್ಯಾಟರಿಗಳು, ಟಾರ್ಪೆಡೊಗಳು ತುಂಬಿದ ಮೇಲೆ ಉಳಿದ ಸಂದಿಗಳಲ್ಲಿ ಸುಮಾರು 75 ಜನ ವಾರಗಟ್ಟಲೆ ಬದುಕುತ್ತಿದ್ದರು. ಒಬ್ಬರು ಪಾಳಿಗೆ ಎದ್ದು ಹೋದ ಹಾಸಿಗೆಯಲ್ಲಿ ಪಾಳಿ ಮುಗಿಸಿ ಬಂದವರು ಮಲಗುತ್ತಿದ್ದರು. ಸಿಹಿನೀರು ಕುಡಿಯಲು ಮತ್ತು ಅಡುಗೆಗೆ. ಸ್ನಾನವೆಂಬುದು ದಡ ಸೇರಿದ ಮೇಲಿನ ಮಾತು. ಬಟ್ಟೆಗೆ, ಕೂದಲಿಗೆ, ಅನ್ನಕ್ಕೆ ಸಹ ಡೀಸೆಲ್ ವಾಸನೆ. ಹಗಲಿಲ್ಲ, ರಾತ್ರಿಯಿಲ್ಲ, ಗಡಿಯಾರ ಹೇಳಿದ್ದೇ ಹೊತ್ತು. ಪ್ರತಿ ಹತ್ತು ಮೀಟರು ಇಳಿದಂತೆ ಒಂದು ವಾಯುಭಾರದಷ್ಟು ಒತ್ತಡ ಹೊರಗಿನಿಂದ ಹೆಚ್ಚುತ್ತದೆ. ಡೀಸೆಲ್ ಎಂಜಿನ್ನಿಗೆ ಗಾಳಿ ಬೇಕು; ಆಳದಲ್ಲಿ ಗಾಳಿಯಿಲ್ಲ. ಆದ್ದರಿಂದ ನೀರಿನ ಕೆಳಗೆ ಬ್ಯಾಟರಿಯ ಬಲದಿಂದ ಸಾಗಬೇಕು. ಅದು ಕುಂದಿದಾಗ ಮೇಲ್ಮೈಗೆ ಸಮೀಪ ಬಂದು, ಕೊಳವೆಯೊಂದನ್ನು ಮಾತ್ರ ನೀರಿನಿಂದ ಹೊರಗಿಟ್ಟು, ಉಸಿರೆಳೆದುಕೊಂಡು ಮತ್ತೆ ಮುಳುಗಬೇಕು. ಆ ಸಮೀಪಿಸುವ ಹೊತ್ತೇ ಶತ್ರುವಿಗೆ ಸಿಕ್ಕಿಬೀಳುವ ಹೊತ್ತು.

ಇಷ್ಟು ಕಷ್ಟಗಳಿಗಿಂತ ಮಿಗಿಲಾದ ಶಿಸ್ತು ಮೌನ. ನೀರಿನಲ್ಲಿ ಸದ್ದು ಗಾಳಿಯಲ್ಲಿಗಿಂತ ವೇಗವಾಗಿ, ಬಹುದೂರ ಸಾಗುತ್ತದೆ. ಕೈಜಾರಿ ಬಿದ್ದ ಒಂದು ಸ್ಪ್ಯಾನರಿನ ಸದ್ದು ಶತ್ರುನೌಕೆಯಲ್ಲಿ ಕಿವಿಗೊಟ್ಟು ಕೂತವನಿಗೆ ಸುಳಿವು ಕೊಡಬಹುದು. ಹೀಗಾಗಿ ಮೆಲ್ಲನೆ ನಡೆಯುವುದು, ಮೆಲ್ಲನೆ ಮಾತಾಡುವುದು, ಬೇಡವಾದಾಗ ಮಾತಾಡದಿರುವುದು ಅಲ್ಲಿ ಮೈಗೂಡಿದ ಗುಣ. ದಡಕ್ಕೆ ಬಂದ ಮೇಲೂ ಈ ಮೌನ ಬಿಡದು. ಯಾವ ನೌಕೆ ಯಾವ ದಿನ ಎಲ್ಲಿತ್ತು ಎಂಬುದು ರಾಷ್ಟ್ರದ ಗುಟ್ಟು. ಅದು ಹೆಂಡತಿಗೂ ಹೇಳುವ ಮಾತಲ್ಲ, ಬಾಲ್ಯದ ಗೆಳೆಯನಿಗೂ ಹೇಳುವ ಮಾತಲ್ಲ. ಊರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಗೆಳೆಯರು ಯುದ್ಧದ ಕಥೆ ಕೇಳಿದರೆ, ಅಂತಹವರು ನಕ್ಕು ಮಾತು ಬೇರೆಡೆಗೆ ತಿರುಗಿಸಬೇಕಾಗುತ್ತದೆ. ಕೇಳಿದವರು ಅದನ್ನು ಬಿಗುಮಾನವೆಂದೋ, ಹೇಳಲು ಏನೂ ಇಲ್ಲವೆಂದೋ ತಿಳಿಯುತ್ತಾರೆ.

ಹೀಗೆ ತಿಳಿಯುವುದಕ್ಕೆ ಸಾಹಿತ್ಯದ ಕಾರಣವೂ ಒಂದಿರಬಹುದು. ಕನ್ನಡ ಕಾವ್ಯದಲ್ಲಿ ನೀರೊಳಗೆ ಅಡಗಿದ ಯೋಧನೆಂದರೆ ಒಡನೆ ನೆನಪಾಗುವವನು ರನ್ನನ ದುರ್ಯೋಧನ. ‘ಗದಾಯುದ್ಧ’ದಲ್ಲಿ ಭೀಷ್ಮನ ಸಲಹೆಯಂತೆ, ಜಲಮಂತ್ರದ ಬಲದಿಂದ, ಅವನು ವೈಶಂಪಾಯನ ಸರೋವರವನ್ನು ಹೊಗುತ್ತಾನೆ. ಒಂದು ದಿನ ಕಳೆದರೆ ಅಳಿದುಳಿದ ಆಪ್ತರು ಬಂದು ಕೂಡಿಕೊಳ್ಳುವರು ಎಂಬುದು ಲೆಕ್ಕ. ಅದು ಯುದ್ಧತಂತ್ರವಾಗಿ ಸರಿಯಾದ ಲೆಕ್ಕವೇ. ಆದರೆ ದಡದಲ್ಲಿ ನಿಂತ ಭೀಮನ ಮೂದಲಿಕೆ ಕಿವಿಗೆ ಬಿದ್ದಾಗ ನೀರಿನ ತಂಪು ಕೂಡ ಅವನ ಒಳಗಿನ ಬೇಗೆಯನ್ನು ಆರಿಸಲಾರದೆ ಹೋಗುತ್ತದೆ. ಛಲ ಗೆಲ್ಲುತ್ತದೆ, ಸಂಯಮ ಸೋಲುತ್ತದೆ. ಅವನು ನೀರನ್ನು ಸೀಳಿಕೊಂಡು ಹೊರಬರುತ್ತಾನೆ. ಅದೇ ಅವನ ಅಂತ್ಯಕ್ಕೆ ಮೊದಲಾಗುತ್ತದೆ. ಸಹೃದಯರು ಸಾವಿರ ವರ್ಷಗಳಿಂದ ಮೆಚ್ಚಿಕೊಂಡು ಬಂದಿರುವುದು ಆ ಹೊರಬರುವಿಕೆಯನ್ನು. ಅಡಗಿದ್ದುದು ಅವಮಾನ, ಹೊರಬಂದದ್ದು ವೀರ ಎಂಬ ಭಾವ ಅಲ್ಲಿಂದ ಗಟ್ಟಿಯಾಗಿದೆ.

ಜಲಾಂತರ್ಗಾಮಿಯ ನಾವಿಕ ಈ ಮೌಲ್ಯವನ್ನು ತಿರುವಿಹಾಕುತ್ತಾನೆ. ಅಲ್ಲಿ ಅಡಗಿರುವುದೇ ಕರ್ತವ್ಯ, ಕಾಣಿಸಿಕೊಳ್ಳುವುದೇ ಸೋಲು. ಮೇಲಿನಿಂದ ಎಷ್ಟೇ ಕೆಣಕಿದರೂ ಉಸಿರು ಬಿಗಿಹಿಡಿದು ಆಳದಲ್ಲಿ ನಿಲ್ಲುವುದು ಧೈರ್ಯದ ಪರೀಕ್ಷೆ. ಕಾವ್ಯದ ಯೋಧನಿಗೆ ಎದುರಾಳಿಯ ಕಣ್ಣು ಬೇಕು, ನೋಡುವ ಸಭೆ ಬೇಕು, ಹಾಡುವ ಕವಿ ಬೇಕು. ನೀರೊಳಗಿನ ಈ ಯೋಧನಿಗೆ ಮೂರೂ ಇಲ್ಲ. ರನ್ನನ ಅಳತೆಗೋಲಿನಿಂದ ಇವನನ್ನು ಅಳೆದರೆ ತಪ್ಪಾಗುತ್ತದೆ. ಬೇರೊಂದು ಅಳತೆ ಬೇಕು. ಅದು ಜೈನ ಸಾಹಿತ್ಯದಲ್ಲಿಯೇ, ರನ್ನನಿಗಿಂತ ಹಿಂದೆಯೇ ಇದೆ.

‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳಲ್ಲಿ ಅಣ್ಣಿಕಾಪುತ್ರನ ಕಥೆಯೂ ಒಂದು. ಅದರ ಮೂಲ ಶಿವಾರ್ಯನ ‘ಆರಾಧನಾ’ ಗ್ರಂಥದ ಒಂದು ಪ್ರಾಕೃತ ಗಾಹೆ. ಗಂಗೆಯ ನಡುವೆ ದೋಣಿ ಮುಳುಗುತ್ತದೆ. ನೀರು ಮೇಲೆ ಮುಚ್ಚಿಕೊಳ್ಳುವಾಗಲೂ ಮುನಿಯ ಬುದ್ಧಿ ಮೋಹಗೊಳ್ಳುವುದಿಲ್ಲ, ಕಂಗೆಡುವುದಿಲ್ಲ. ಆರಾಧನೆಯನ್ನು ಸಾಧಿಸಿಯೇ ದೇಹ ಬಿಡುತ್ತಾನೆ. ಆ ಕಥೆಯ ಮಹತ್ತ್ವ ಇರುವುದು ಮುಳುಗಿದ್ದರಲ್ಲಿ ಅಲ್ಲ, ಕಂಗೆಡದಿದ್ದುದರಲ್ಲಿ. ಮುನಿಯ ಸಾಧನೆ ಬೇರೆ, ಯೋಧನ ವೃತ್ತಿ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಆದರೆ ಕಣ್ಣಿಗೆ ಕಾಣದ ಕಡೆ, ಯಾರ ಸಾಕ್ಷಿಯೂ ಇಲ್ಲದ ಕಡೆ, ಮನಸ್ಸನ್ನು ಕದಡದಂತೆ ಕಾಪಾಡಿಕೊಳ್ಳುವುದು ದೊಡ್ಡ ಗುಣವೆಂದು ಕನ್ನಡ ಗದ್ಯ ತನ್ನ ಆರಂಭದ ದಿನಗಳಲ್ಲಿಯೇ ಬಲ್ಲದು ಎಂಬುದನ್ನು ಗಮನಿಸಬೇಕು. ಜೈನ ಪರಿಭಾಷೆಯಲ್ಲಿ ಹೇಳುವುದಾದರೆ ಅದು ಅಪ್ರಮಾದ, ಎಂದರೆ ಎಚ್ಚರ ತಪ್ಪದಿರುವಿಕೆ. ಮುಚ್ಚಬೇಕಾದ ಒಂದು ಕವಾಟ ಮುಚ್ಚದೆ ಉಳಿದರೆ ಎಲ್ಲರ ಪ್ರಾಣವೂ ಹೋಗುವ ಜಾಗದಲ್ಲಿ, ದಿನಕ್ಕೆ ನೂರು ಬಾರಿ ಅದೇ ಕವಾಟವನ್ನು ಅದೇ ಎಚ್ಚರದಿಂದ ನೋಡುವುದು ಅಪ್ರಮಾದವಲ್ಲದೆ ಮತ್ತೇನು?

ಕಡಲಯುದ್ಧದ ವಿಷಯದಲ್ಲಿ ಕನ್ನಡ ನಾಡಿನ ದಾಖಲೆ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನೂ ನೋಡಬಹುದು. ಐಹೊಳೆಯ ಮೇಗುತಿ ಬಸದಿಯ ಗೋಡೆಯ ಮೇಲೆ ಜೈನ ಕವಿ ರವಿಕೀರ್ತಿ ಕ್ರಿ.ಶ. 634ರ ಸುಮಾರಿಗೆ ಬರೆಸಿದ ಸಂಸ್ಕೃತ ಪ್ರಶಸ್ತಿಯಿದೆ. ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳ ನಡುವೆ ಪಡುವಣ ಕಡಲಿನ ಲಕ್ಷ್ಮಿಯೆನಿಸಿದ್ದ ಪುರಿ ಎಂಬ ನಗರಿಯ ಮೇಲಿನ ನೌಕಾದಾಳಿಯ ವರ್ಣನೆ ಅಲ್ಲಿ ಬರುತ್ತದೆ. ಮದಿಸಿದ ಆನೆಗಳ ಹಾಗೆ ಕಾಣುವ ನೂರಾರು ನಾವೆಗಳು ಕವಿಯ ಕಣ್ಣಿಗೆ ಬಿದ್ದಿವೆ. ರಾಜನ ಹೆಸರಿದೆ. ಕಾಳಿದಾಸ, ಭಾರವಿಯರ ಕೀರ್ತಿಗೆ ಸಮನಾದವನು ತಾನೆಂದು ಕವಿ ತನ್ನ ಹೆಸರನ್ನೂ ಹೇಳಿಕೊಂಡಿದ್ದಾನೆ. ಆ ನಾವೆಗಳಲ್ಲಿ ಹುಟ್ಟುಹಾಕಿದವರ ಒಂದು ಹೆಸರೂ ಇಲ್ಲ. ಮುಂಬಯಿಯ ಬೋರಿವಲಿಯ ಎಕ್ಸರ್‌ನಲ್ಲಿರುವ ವೀರಗಲ್ಲುಗಳಲ್ಲಿ ಸಾಲು ಹುಟ್ಟುಗಳ ಹಡಗುಗಳನ್ನು ಎಷ್ಟೋ ಚೆನ್ನಾಗಿ ಕಡೆದಿದ್ದಾರೆ. ಅಲ್ಲಿಯೂ ಹುಟ್ಟು ಹಿಡಿದವರಿಗೆ ಮುಖವುಂಟು, ಹೆಸರಿಲ್ಲ. ನೆಲದ ಮೇಲೆ ಮಡಿದವನಿಗೆ ಮಡಿದ ಜಾಗದಲ್ಲಿ ಕಲ್ಲು ನಿಲ್ಲಿಸಬಹುದು. ನೀರಿನ ಮೇಲೆ ಕಲ್ಲು ನಿಲ್ಲಿಸುವುದು ಹೇಗೆ?

ಆಧುನಿಕ ಕಾಲದಲ್ಲಿಯೂ ಈ ತೊಡಕು ಹಾಗೆಯೇ ಇದೆ. 1971ರ ಡಿಸೆಂಬರ್ 9ರ ರಾತ್ರಿ ಪಾಕಿಸ್ತಾನದ ಹ್ಯಾಂಗೋರ್ ಎಂಬ ಜಲಾಂತರ್ಗಾಮಿ ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರೂ ಸೇರಿ 18 ಅಧಿಕಾರಿಗಳು, 176 ನಾವಿಕರು ನೌಕೆಯೊಂದಿಗೆ ಹೋದರು. ಅವರ ಸ್ಮಾರಕ ದಿಯು ದಡದಲ್ಲಿದೆ. ಅವರು ಇರುವುದು ಕಡಲ ತಳದಲ್ಲಿ. ಅದಕ್ಕೆ ಕೆಲವೇ ದಿನ ಮೊದಲು ಪಾಕಿಸ್ತಾನದ ಘಾಜಿ ವಿಶಾಖಪಟ್ಟಣದ ಎದುರಿಗೆ ತನ್ನೆಲ್ಲ ಸಿಬ್ಬಂದಿಯೊಂದಿಗೆ ಮುಳುಗಿತ್ತು. ಎರಡು ದೇಶದ ತಾಯಂದಿರಿಗೂ ಮಕ್ಕಳ ಮೈ ದೊರೆಯಲಿಲ್ಲ. ಯುದ್ಧವಿಲ್ಲದ ದಿನಗಳಲ್ಲೂ ಈ ವೃತ್ತಿ ಬಲಿ ಕೇಳಿದೆ: 2013ರ ಆಗಸ್ಟ್ 14ರಂದು ಮುಂಬಯಿಯ ನೌಕಾನೆಲೆಯಲ್ಲಿ ನಿಂತಿದ್ದ ಸಿಂಧುರಕ್ಷಕ್ ಸ್ಫೋಟಗೊಂಡು ಮುಳುಗಿ 18 ಮಂದಿ ತೀರಿಕೊಂಡರು. ಇಂತಹ ದುರಂತಗಳಲ್ಲಿ ಹೋದವರ ಹೆಸರಾದರೂ ಪಟ್ಟಿಯಲ್ಲಿ ಉಳಿಯುತ್ತದೆ. ಏನೂ ಆಗದಂತೆ ನೋಡಿಕೊಂಡು, ಸೇವೆ ಮುಗಿಸಿ, ಪಿಂಚಣಿ ಪಡೆದು, ಮನೆಯಲ್ಲಿಯೇ ಕಣ್ಣುಮುಚ್ಚಿದವರು ಯಾವ ಪಟ್ಟಿಗೂ ಸೇರುವುದಿಲ್ಲ. ಅಪಘಾತ ನಡೆಯದೆ ಇದ್ದುದು ಅವರ ಸಾಧನೆ. ನಡೆಯದೆ ಇದ್ದುದಕ್ಕೆ ದಾಖಲೆ ಎಲ್ಲಿಂದ ತರುವುದು?

ಇಲ್ಲಿ ಒಂದು ಹೆಸರನ್ನು ವಿಶೇಷವಾಗಿ ನೆನೆಯಬೇಕು. ಕ್ಯಾಪ್ಟನ್ ಮೋಹನ್ ನಾರಾಯಣರಾವ್ ಸಾಮಂತ್ ಕನ್ನಡಿಗರಲ್ಲ, ಮರಾಠಿ ನಾಡಿನವರು. ಜಲಾಂತರ್ಗಾಮಿ ಕರಂಜ್‌ನ ಮೊದಲ ದಳಪತಿ. 1971ರಲ್ಲಿ ಪಾಕಿಸ್ತಾನದ ಮಾಂಗ್ರೋ ಎಂಬ ಜಲಾಂತರ್ಗಾಮಿ ಫ್ರಾನ್ಸಿನ ತೂಲೋನಿನಲ್ಲಿದ್ದಾಗ ಎಂಟು ಬಂಗಾಳಿ ನಾವಿಕರು ಅದನ್ನು ತೊರೆದು ಭಾರತಕ್ಕೆ ಬಂದರು. ಅವರನ್ನೂ ಬಾಂಗ್ಲಾದ ನೂರಾರು ತರುಣರನ್ನೂ ಸೇರಿಸಿ, ಪ್ಲಾಸಿಯ ಬಳಿ ಭಾಗೀರಥಿಯ ದಡದಲ್ಲಿ ಈಜುಗಾರ ಯೋಧರ ಪಡೆಯೊಂದನ್ನು ಕಟ್ಟಲಾಯಿತು. ಆಗಸ್ಟ್ ನಡುಭಾಗದಲ್ಲಿ ಕಲ್ಕತ್ತ ಆಕಾಶವಾಣಿಯಿಂದ ಬಂದ ಹಾಡುಗಳನ್ನೇ ಸಂಕೇತವಾಗಿ ಹಿಡಿದು ಅವರು ಚಿತ್ತಗಾಂಗ್, ಮೋಂಗ್ಲಾ, ಚಾಂದಪುರ, ನಾರಾಯಣಗಂಜ್ ಬಂದರುಗಳಲ್ಲಿ ಹಡಗುಗಳನ್ನು ಉರುಳಿಸಿದರು. ಈ ಗುಪ್ತ ಕಾರ್ಯದ ಹೊಣೆ ಹೊತ್ತವರಲ್ಲಿ ಸಾಮಂತ್ ಪ್ರಮುಖರು. ಡಿಸೆಂಬರಿನಲ್ಲಿ ಗನ್‌ಬೋಟುಗಳ ಪಡೆಯನ್ನು ನಡೆಸಿದ ಅವರಿಗೆ ಮಹಾವೀರ ಚಕ್ರ ಬಂತು. ಆದರೆ ಗುಪ್ತ ಕಾರ್ಯದ ಪೂರ್ಣ ಕಥೆ ದಶಕಗಳ ಕಾಲ ಹೊರಬರಲಿಲ್ಲ. 2019ರ ಮಾರ್ಚ್ 20ರಂದು ಅವರು ಮುಂಬಯಿಯಲ್ಲಿ ತೀರಿಕೊಂಡರು. ಪತ್ರಕರ್ತ ಸಂದೀಪ್ ಉನ್ನಿಥನ್ ಅವರೊಂದಿಗೆ ಸೇರಿ ಸಿದ್ಧಪಡಿಸಿದ ‘ಆಪರೇಷನ್ ಎಕ್ಸ್’ ಎಂಬ ಇಂಗ್ಲಿಷ್ ಪುಸ್ತಕ ಪ್ರಕಟವಾದದ್ದು ಅದೇ ವರ್ಷ, ಅವರು ಹೋದ ಮೇಲೆ.

ಈ ಉದಾಹರಣೆ ಒಂದು ಪಾಠ ಹೇಳುತ್ತದೆ. ಕೇಳುವವನೊಬ್ಬ ತಕ್ಕ ಕಾಲದಲ್ಲಿ ಹೋಗಿ ಕೂತದ್ದರಿಂದ ಆ ಬದುಕು ಪುಸ್ತಕವಾಯಿತು. ಉನ್ನತ ಪದವಿಯ, ಪದಕ ಪಡೆದ ಅಧಿಕಾರಿಗೆ ಅಂತಹ ಕೇಳುಗ ಸಿಗುವ ಸಂಭವವುಂಟು. ಗುಬ್ಬಿಯ ಯಾವುದೋ ಹಳ್ಳಿಯಿಂದ ಹತ್ತನೆಯ ತರಗತಿ ಮುಗಿಸಿ ಹೋಗಿ, ಎಂಜಿನ್ ಕೋಣೆಯಲ್ಲೋ ಸೋನಾರ್ ಮುಂದೆಯೋ ಅಡುಗೆಯ ಗೂಡಿನಲ್ಲೋ ಹದಿನೈದು ವರ್ಷ ಕಳೆದು ಬಂದವರಿಗೆ ಯಾರು ಸಿಗುತ್ತಾರೆ? 1967ರಲ್ಲಿ ಇಪ್ಪತ್ತೈದರ ಪ್ರಾಯದಲ್ಲಿದ್ದವರು ಈಗ ಎಂಬತ್ತು ದಾಟಿದ್ದಾರೆ. ಆ ಮೊದಲ ತಲೆಮಾರಿನ ಮಾತು ಕೇಳಲು ಉಳಿದಿರುವ ಕಾಲ ಬಹಳವಿಲ್ಲ.

ಹಾಗಾದರೆ ಗುಟ್ಟನ್ನು ಕೆದಕದೆ ಇಂತಹವರನ್ನು ನೆನೆಯುವ ಬಗೆ ಯಾವುದು? ಇದಕ್ಕೆ ಎರಡು ಶಾಸನಗಳು ದಾರಿ ತೋರಿಸುತ್ತವೆ. ಮೊದಲನೆಯದು ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವುದು. ರಾಷ್ಟ್ರಕೂಟ ಮನೆತನದ ಕೊನೆಯ ಕುಡಿ, ಮುಮ್ಮಡಿ ಕೃಷ್ಣನ ಮೊಮ್ಮಗ, ನಾಲ್ವಡಿ ಇಂದ್ರ 982ರಲ್ಲಿ ಅಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ. ರಾಜ್ಯ ಆಗಲೇ ಕೈಬಿಟ್ಟಿತ್ತು. ಅವನ ನೆನಪಿಗೆ ನಿಂತ ಶಾಸನದಲ್ಲಿ ಕವಿ ಸಾಮ್ರಾಜ್ಯದ ಗತವೈಭವವನ್ನೇ ಹಾಡಬಹುದಿತ್ತು. ಆದರೆ ಪದ್ಯದ ಮೇಲೆ ಪದ್ಯ ಮೀಸಲಾಗಿರುವುದು ಇಂದ್ರನ ಚೆಂಡಾಟದ ಕೌಶಲಕ್ಕೆ: ಕುದುರೆಯ ಮೇಲೆ ಕುಳಿತು ಚೆಂಡನ್ನು ಹೊಡೆಯುವ ಅವನ ಕೈಚಳಕಕ್ಕೆ. ಮೊದಲ ಓದಿಗೆ ಇದು ಬೆರಗು ತರುತ್ತದೆ. ಸಾವಿನ ಕಲ್ಲಿನ ಮೇಲೆ ಆಟದ ಮಾತೇಕೆ? ಉತ್ತರ ಸರಳವಾಗಿದೆ: ಅವನನ್ನು ಕಂಡು ಬಲ್ಲವರಿಗೆ ಅವನು ಹಾಗೆ ನೆನಪಾಗುತ್ತಿದ್ದ. ಅರಸನೆಂಬ ಪದವಿಯನ್ನು ಬೇರೊಬ್ಬರಿಗೂ ಹೇಳಬಹುದು, ಆ ಕೈಚಳಕವನ್ನು ಅವನೊಬ್ಬನಿಗೇ ಹೇಳಬಹುದು.

ಎರಡನೆಯದು ಮಂಡ್ಯ ಜಿಲ್ಲೆಯ ಆತಕೂರಿನದು, 949-50ರದು. ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ಬೇಕಾದುದನ್ನು ಕೇಳೆಂದು ಗಂಗ ಬೂತುಗ ಹೇಳಿದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯೊಂದಿಗೆ ಹೋರಾಡಿ, ಎರಡೂ ಸತ್ತಾಗ ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿದ. ಪೂಜೆಗೆ ಭೂಮಿ ಬಿಟ್ಟ. ಚೋಳ ರಾಜಾದಿತ್ಯನ ಸಾವಿನಂತಹ ದೊಡ್ಡ ಸುದ್ದಿಯೂ ಅದೇ ಕಲ್ಲಿನಲ್ಲಿದೆ. ಆದರೆ ಕಲ್ಲು ಎದ್ದು ನಿಂತದ್ದು ಒಡನಾಡಿಯೊಂದರ ನೆನಪಿಗೆ. ಪ್ರೀತಿ ಇದ್ದಲ್ಲಿ ವಿವರ ಇರುತ್ತದೆ, ವಿವರ ಇದ್ದಲ್ಲಿ ಇತಿಹಾಸ ತಾನಾಗಿ ಬಂದು ಕೂಡಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ತುಮಕೂರು ಸೀಮೆಯ ಸ್ವಂತ ಸಾಕ್ಷ್ಯವೂ ಇದೆ. ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ದೊರೆತ, ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ಹೆಸರಿನ, ಒಂಬತ್ತನೆಯ ಶತಮಾನದ ಆರಂಭದ ತಾಮ್ರಪಟಗಳು ಜೈನ ಮುನಿ ಅರ್ಕಕೀರ್ತಿಗೆ ಗ್ರಾಮವೊಂದನ್ನು ದಾನ ಕೊಟ್ಟುದನ್ನು ಹೇಳುತ್ತವೆ. ಕುನುಂಗಿಲ್ ನಾಡನ್ನು, ಎಂದರೆ ಇಂದಿನ ಕುಣಿಗಲ್ ಭಾಗವನ್ನು, ಆಳುತ್ತಿದ್ದ ವಿಮಲಾದಿತ್ಯನ ಶನಿಪೀಡೆಯನ್ನು ಆ ಮುನಿ ನಿವಾರಿಸಿದನೆಂಬುದು ದಾನಕ್ಕೆ ಕಾರಣ. ಒಬ್ಬ ಪ್ರಾಂತಾಧಿಪತಿಯ ದೇಹಬಾಧೆ, ಅದನ್ನು ಕಳೆದ ಒಬ್ಬ ಮುನಿಯ ಉಪಕಾರ, ಅದಕ್ಕೆ ಸಲ್ಲಿಸಿದ ಕೃತಜ್ಞತೆ ಎಂಬ ಖಾಸಗಿ ಸಂಗತಿಯೇ ಗುಬ್ಬಿ ಮತ್ತು ಕುಣಿಗಲ್ಲುಗಳನ್ನು ಒಂದೇ ದಾಖಲೆಯಲ್ಲಿ ಹೆಣೆದು ಹನ್ನೆರಡು ಶತಮಾನ ಉಳಿಸಿದೆ. ಚಿಕ್ಕದೆಂದು ಬಿಟ್ಟಿದ್ದರೆ ಅಷ್ಟು ಇತಿಹಾಸ ಇಲ್ಲವಾಗುತ್ತಿತ್ತು.

ಅಹಿಂಸೆಯನ್ನು ಪರಮಧರ್ಮವೆಂದು ಬಗೆದ ಪರಂಪರೆಯೊಳಗೆ ನಿಂತು ಶಸ್ತ್ರಧಾರಿಯನ್ನು ನೆನೆಯುವುದು ಸರಿಯೇ ಎಂಬ ಪ್ರಶ್ನೆ ಏಳಬಹುದು. ಈ ಪ್ರಶ್ನೆಯನ್ನು ಜೈನ ಆಚಾರ್ಯರು ತಪ್ಪಿಸಿಕೊಂಡವರಲ್ಲ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಶ್ರಾವಕನು ಮೊದಲನೆಯದನ್ನು ಪೂರ್ತಿಯಾಗಿ ಬಿಡಬೇಕೆಂದೂ ಆತ್ಮರಕ್ಷಣೆ, ನಾಡಿನ ರಕ್ಷಣೆಯಲ್ಲಿ ಒದಗುವ ವಿರೋಧೀ ಹಿಂಸೆ ಗೃಹಸ್ಥನಿಗೆ ಅನಿವಾರ್ಯವಾಗಬಹುದೆಂದೂ ವಿವೇಚಿಸಿದರು. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕ; 978ರಲ್ಲಿ ‘ಚಾವುಂಡರಾಯ ಪುರಾಣ’ ಬರೆದವನೂ ಅವನೇ. ಪಂಪ ಕತ್ತಿಯನ್ನೂ ಬಲ್ಲ ಕವಿ. ಹೊಯ್ಸಳರ ಗಂಗರಾಜ ಸೇನಾಪತಿಯಾಗಿದ್ದುಕೊಂಡೇ ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿದ. ಇವರಾರೂ ಕೊಲ್ಲುವುದನ್ನು ಗುಣವೆಂದು ಕೊಂಡಾಡಲಿಲ್ಲ. ಜಲಾಂತರ್ಗಾಮಿಯ ನಿವೃತ್ತ ನಾವಿಕರನ್ನು ನೆನೆಯುವಾಗಲೂ ಈ ವಿವೇಕ ಬೇಕು. ಎಷ್ಟು ಶತ್ರುಗಳನ್ನು ಮುಳುಗಿಸಿದರು ಎಂಬುದು ಗೆಳೆಯರು ಕೇಳಬೇಕಾದ ಪ್ರಶ್ನೆಯಲ್ಲ. ಎಷ್ಟು ಎಚ್ಚರದಿಂದ ಬದುಕಿದರು, ಜೊತೆಗಾರರ ಪ್ರಾಣವನ್ನು ಹೇಗೆ ಕಾದರು ಎಂಬುದು ಕೇಳಬೇಕಾದದ್ದು.

ಆದ್ದರಿಂದ ಕೆಲವು ಕೆಲಸಗಳು ಕೂಡಲೇ ಆಗಬೇಕು. ತುಮಕೂರು ವಿಶ್ವವಿದ್ಯಾನಿಲಯದ ಮತ್ತು ಜಿಲ್ಲೆಯ ಕಾಲೇಜುಗಳ ಕನ್ನಡ, ಇತಿಹಾಸ ವಿಭಾಗಗಳಲ್ಲಿ ಓದುವ ವಿದ್ಯಾರ್ಥಿಗಳಿಗೆ ವೀರಗಲ್ಲುಗ

ಳನ್ನು ಹುಡುಕಿ ಪಡಿಯಚ್ಚು ತೆಗೆಯುವುದನ್ನು ಕಲಿಸುತ್ತಾರೆ, ಒಳ್ಳೆಯದೇ. ಅದರೊಂದಿಗೆ, ತಮ್ಮದೇ ಊರಿನಲ್ಲಿ ಇನ್ನೂ ಉಸಿರಾಡುತ್ತಿರುವ ನಿವೃತ್ತ ಯೋಧರ ಮನೆಯ ಬಾಗಿಲಿಗೆ ಹೋಗಿ ಕೂತು ಕೇಳುವುದನ್ನೂ ಕಲಿಸಬೇಕು. ಕಾರ್ಯಾಚರಣೆಗಳನ್ನು ಕೇಳಬೇಕಿಲ್ಲ, ಅವನ್ನು ಸರ್ಕಾರದ ಕಡತಗಳು ತಮ್ಮ ಕಾಲಕ್ಕೆ ಹೇಳಿಕೊಳ್ಳುತ್ತವೆ. ಕಡತಗಳು ಎಂದೂ ಹೇಳದ ಸಂಗತಿಗಳಿವೆ. ಕೆರೆಯಲ್ಲಿ ಈಜಲು ಕಲಿತ ಹುಡುಗ ಮೊದಲ ಬಾರಿ ಕಡಲನ್ನು ಕಂಡಾಗ ಏನನಿಸಿತು? ಮುದ್ದೆ ಉಂಡು ಬೆಳೆದವರು ವಾರಗಟ್ಟಲೆ ಡಬ್ಬಿಯ ಊಟಕ್ಕೆ ಹೇಗೆ ಒಗ್ಗಿದರು? ನೀರಿನ ಕೆಳಗಿದ್ದಾಗ ಊರಿನಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ಎಷ್ಟು ದಿನ ತಡವಾಗಿ ತಲುಪಿತು? ಮನೆಯವರು ಆ ತಿಂಗಳುಗಳನ್ನು ಹೇಗೆ ನೂಕಿದರು? ಮರಳಿ ಬಂದ ಮೇಲೆ ಬಾಗಿಲು ಹಾಕಿಕೊಂಡು ಮಲಗಲು ಆಗುತ್ತಿತ್ತೇ? ಈ ಪ್ರಶ್ನೆಗಳಲ್ಲಿ ರಾಷ್ಟ್ರದ ಗುಟ್ಟು ಒಂದೂ ಇಲ್ಲ. ಒಂದು ಬದುಕು ಪೂರ್ತಿಯಾಗಿ ಇದೆ.

ಭಾಷೆಯ ದೃಷ್ಟಿಯಿಂದಲೂ ಇದು ಮುಖ್ಯ. ‘ಜಲಾಂತರ್ಗಾಮಿ’ ಎಂಬುದು ಪತ್ರಿಕೆಯ ಮಾತು. ಅದರೊಳಗೆ ಬದುಕಿದವರು ಸಬ್‌ಮರೀನ್ ಎಂದೇ ಹೇಳುತ್ತಾರೆ. ಅದರ ಒಳಗಿನ ಕತ್ತಲೆ, ಒತ್ತಡ, ವಾಸನೆ, ಕಾಯುವಿಕೆಗಳಿಗೆ ಕನ್ನಡದಲ್ಲಿ ಮಾತು ಹುಟ್ಟಬೇಕಾದರೆ ಅದು ನಿಘಂಟಿನಿಂದ ಹುಟ್ಟುವುದಿಲ್ಲ. ತುಮಕೂರು ಸೀಮೆಯ ಆಡುನುಡಿಯಲ್ಲಿ ಆ ಅನುಭವವನ್ನು ಹೆಂಡತಿ ಮಕ್ಕಳಿಗೆ ಹೇಳಲು ತಡಕಾಡಿದವರ ಬಾಯಿಂದಲೇ ಹುಟ್ಟಬೇಕು. ಅವರೊಬ್ಬೊಬ್ಬರು ಹೋದಾಗಲೂ ಕನ್ನಡ ಆ ಮಾತುಗಳನ್ನು ಕೇಳುವ ಮೊದಲೇ ಕಳೆದುಕೊಳ್ಳುತ್ತದೆ. ಕುಣಿಗಲ್ಲಿನ ಕೆರೆಗೆ ಜನಪದ ಹಾಡು ಕಟ್ಟಿದೆ, ಗುಬ್ಬಿಯ ರಂಗಭೂಮಿ ನಾಡಿಗೆಲ್ಲ ಕಥೆ ಹೇಳಿದೆ. ಹೇಳುವ, ಹಾಡುವ ಶಕ್ತಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಕೇಳುವ ತಾಳ್ಮೆ ಬೇಕಾಗಿದೆ.

ಎಷ್ಟು ಕೇಳಿದರೂ ಕೆಲವು ಮಾತು ಹೊರಬರುವುದಿಲ್ಲ. ಅದನ್ನು ಕೊರತೆಯೆಂದು ತಿಳಿಯಬೇಕಾಗಿಲ್ಲ. ಮನಸ್ಸು, ಮಾತು, ಕಾಯಗಳನ್ನು ಕಾಯ್ದುಕೊಳ್ಳುವುದನ್ನು ಜೈನರು ಗುಪ್ತಿ ಎಂದು ಕರೆದು ಮೂರು ಬಗೆಯಾಗಿ ಹೇಳಿದ್ದಾರೆ, ವಚನಗುಪ್ತಿ ಅವುಗಳಲ್ಲೊಂದು. ಕೊಟ್ಟ ಮಾತಿಗೆ ಕಟ್ಟುಬಿದ್ದು ಸಾಯುವವರೆಗೂ ಬಾಯಿಬಿಡದೆ ಹೋದ ಗೆಳೆಯನ ಮೌನವನ್ನೂ ಅವನ ಗುಣಗಳ ಪಟ್ಟಿಯಲ್ಲಿ ಬರೆಯಬಹುದು. ಹುಟ್ಟಿದ ಊರು, ತಂದೆತಾಯಿಯ ಹೆಸರು, ಸೇವೆ ಮಾಡಿದ ನೌಕೆಗಳು, ಕೈಯಲ್ಲಿದ್ದ ಕೆಲಸ, ಮೆಚ್ಚಿನ ಊಟ, ನಗುವ ರೀತಿ, ಗೆಳೆಯರಿಗೆ ಮಾಡಿದ ಉಪಕಾರ, ಹೇಳದೆ ಉಳಿಸಿದ್ದು ಒಂದಿಷ್ಟು ಎಂದು ಇಷ್ಟನ್ನು ನಿಜವಾಗಿ, ಉತ್ಪ್ರೇಕ್ಷೆಯಿಲ್ಲದೆ, ಕನ್ನಡದಲ್ಲಿ ಬರೆದಿಟ್ಟರೆ ಅದೇ ಇಂದಿನ ಕಾಲದ ನಿಸಿದಿಗಲ್ಲು. ಅದನ್ನು ಬರೆಯುವ ಹೊಣೆ ನೌಕಾಪಡೆಯದಲ್ಲ, ಸರ್ಕಾರದ್ದೂ ಅಲ್ಲ. ಮಣಲೇರನಿಗೆ ಇದ್ದಂತೆ, ಅದು ಒಡನಾಡಿದವರದು.